ಹನಿಕ್ರಿಸ್ಪ್ ಸೇಬಿನ ಮರ: ಹೋದ ವರ್ಷ ಇನ್ನೂರು ಕಾಯಿ, ಈ ವರ್ಷ ಆರೇ ಆರು. ಏನಾಗಿದೆ?

ಹಿತ್ತಲಗಿಡ · ಆಗಸ್ಟ್ 14

ಎಲ್ಲರಿಗೂ ನಮಸ್ಕಾರ. ನಾವು ಮಿನೆಸೋಟದಲ್ಲಿ, ಸೇಂಟ್ ಪಾಲ್ ಹತ್ತಿರ ಇದ್ದೇವೆ. ಹಿತ್ತಲಲ್ಲಿ ಒಂದು ಹನಿಕ್ರಿಸ್ಪ್ ಸೇಬಿನ ಮರ ಇದೆ. ಆರು ವರ್ಷದ ಹಿಂದೆ ನೆಟ್ಟಿದ್ದು. ಮರ ಗಿಡ್ಡವಾಗಿಯೇ ಇರಲಿ ಅಂತ ಕಸಿ ಮಾಡಿದ ಜಾತಿ, ಈಗ ನನ್ನ ತಲೆಗಿಂತ ಎರಡು ಅಡಿ ಎತ್ತರ ಬಂದಿದೆ.

ಹೋದ ವರ್ಷ ಮೇ ತಿಂಗಳಲ್ಲಿ ಎಲೆಯೇ ಕಾಣದಷ್ಟು ಹೂ ಬಿಟ್ಟಿತು. ಹೂವಿಗೊಂದು ಕಾಯಿ ಕಚ್ಚಿತು ಅನ್ನುವ ಹಾಗೆ. ಮಗಳು ದಿನಾ ಸಂಜೆ ಎಣಿಸುತ್ತಿದ್ದಳು, 214ಕ್ಕೆ ನಿಲ್ಲಿಸಿದಳು. ಒಂದು ಕಾಯಿಯನ್ನೂ ಕಿತ್ತು ಹಾಕಲು ನಮಗೆ ಮನಸ್ಸು ಬರಲಿಲ್ಲ. ಕೊನೆಗೆ ಬಂದಿದ್ದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಕಾಯಿಗಳು. ಬಣ್ಣ ತಿರುಗಲಿಲ್ಲ. ತಿಂದರೆ ಸಪ್ಪೆ. ಭಾರಕ್ಕೆ ಒಂದು ಕೊಂಬೆ ಸೀಳಿಯೂ ಹೋಯಿತು.

ಈ ವರ್ಷ ಅಲ್ಲೊಂದು ಇಲ್ಲೊಂದು ಗೊಂಚಲು ಹೂ, ಆರು ಕಾಯಿ. ಆರೂ ನನ್ನ ಮುಷ್ಟಿಗಿಂತ ದೊಡ್ಡವು. ಆದರೆ ಕಾಯಿಯ ಕೆಳಭಾಗದಲ್ಲಿ ಮಸೂರಕಾಳಿನಷ್ಟು ಕಂದು ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಂದು ಚಿಕ್ಕ ಗುಳಿ. ಒಂದನ್ನು ಕುಯ್ದು ನೋಡಿದೆ. ಹುಳು ಇಲ್ಲ. ಸಿಪ್ಪೆಯ ಕೆಳಗೆ ಬೆಂಡಿನಂಥ ಕಂದು ತಿರುಳು, ನಾಲಿಗೆಗೆ ಕಹಿ.

ಜೊತೆಗೆ ಜುಲೈನಿಂದ ಎಲೆ ಹಳದಿಯಾಗುತ್ತಿದೆ. ಪೂರ್ತಿ ಅಲ್ಲ, ತೇಪೆ ತೇಪೆಯಾಗಿ. ಮುಟ್ಟಿದರೆ ದಪ್ಪ, ಒರಟು. ಗೊಬ್ಬರ ಸಾಲದು ಅಂದುಕೊಂಡು ಹುಲ್ಲಿಗೆ ಹಾಕುವ ಗೊಬ್ಬರವನ್ನೇ ಬುಡಕ್ಕೆ ಎರಡು ಸಲ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ.

ಕಾಯಿ ಯಾಕೆ ಬರಲಿಲ್ಲ? ಚುಕ್ಕೆ ಯಾವ ರೋಗ? ಎಲೆಗೆ ಏನು ಹೊಡೆಯಬೇಕು? ಗೊತ್ತಿರುವವರು ದಯವಿಟ್ಟು ಹೇಳಿ. ಮರ ತೆಗೆದುಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ, ನನಗೆ ಇಷ್ಟ ಇಲ್ಲ.

ಕಸಿಕತ್ತಿ · ಆಗಸ್ಟ್ 15

ಮರ ತೆಗೆಯಬೇಡಿ. ಅದಕ್ಕೆ ರೋಗ ಬಂದಿಲ್ಲ. ನೀವು ಮೂರು ಪ್ರಶ್ನೆ ಕೇಳಿದ್ದೀರಿ, ನನಗೆ ಕಾಣುವುದು ಒಂದೇ. ಆ 214 ಕಾಯಿ ಇದ್ದವಲ್ಲ, ಎಲ್ಲ ಶುರುವಾಗಿದ್ದು ಅಲ್ಲಿಂದ.

ನಮ್ಮ ಮನೆ ಮಿನಿಯಾಪೊಲಿಸ್‌ನ ಪಶ್ಚಿಮಕ್ಕೆ. ಎರಡು ಹನಿಕ್ರಿಸ್ಪ್ ಮರ ಇವೆ, ಹದಿನಾಲ್ಕು ವರ್ಷ ಆಯಿತು. ಮಧ್ಯೆ ಎರಡು ಸೀಸನ್ ಶನಿವಾರ, ಭಾನುವಾರ ಒಂದು ಸೇಬಿನ ತೋಟಕ್ಕೆ ಕಾಯಿ ಕೀಳುವ ಕೆಲಸಕ್ಕೆ ಹೋಗುತ್ತಿದ್ದೆ. ನನಗೆ ಗೊತ್ತಿರುವುದು ಅಲ್ಲಿ ನೋಡಿದ್ದು, ಮನೆಯಲ್ಲಿ ಕೆಡಿಸಿಕೊಂಡು ಕಲಿತದ್ದು.

ಮೊದಲು ಕಾಯಿ ಯಾಕೆ ಬರಲಿಲ್ಲ ಅನ್ನುವುದು. ಸೇಬಿನ ಮರ ಮುಂದಿನ ವರ್ಷದ ಹೂಮೊಗ್ಗನ್ನು ಈ ಬೇಸಿಗೆಯಲ್ಲೇ ಕಟ್ಟುತ್ತದೆ. ಹೂ ಉದುರಿದ ಕೆಲವೇ ವಾರಗಳಲ್ಲಿ ಆ ಕೆಲಸ ಶುರುವಾಗುತ್ತದೆ. ಅದೇ ಹೊತ್ತಿಗೆ ಮರದ ತುಂಬ ಹೀಚು ಇರುತ್ತದೆ, ಹೀಚಿನೊಳಗೆ ಬೀಜ ಬೆಳೆಯುತ್ತಿರುತ್ತದೆ. ಆ ಬೀಜದಿಂದ ಗಿಬ್ಬರೆಲಿನ್ ಅನ್ನುವ ಹಾರ್ಮೋನು ಹೊರಗೆ ಬಂದು ಪಕ್ಕದ ಮೊಗ್ಗು ಹೂಮೊಗ್ಗಾಗದ ಹಾಗೆ ತಡೆಯುತ್ತದೆ. ಬೀಜ ಜಾಸ್ತಿ ಇದ್ದಷ್ಟೂ ಮುಂದಿನ ವರ್ಷ ಹೂ ಕಡಿಮೆ. ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುವ ಈ ಚಾಳಿ ಹನಿಕ್ರಿಸ್ಪ್‌ಗೆ ಬೇರೆ ಜಾತಿಗಳಿಗಿಂತ ಜಾಸ್ತಿ. ಅದರ ಮರವೂ ಅಷ್ಟೇನೂ ಗಟ್ಟಿ ಬೆಳವಣಿಗೆಯದ್ದಲ್ಲ. 214 ಕಾಯಿ ಹೊತ್ತ ಮೇಲೆ ಮರುವರ್ಷ ಹೂ ಕಟ್ಟಲು ಅದರಲ್ಲಿ ಶಕ್ತಿಯೂ ಉಳಿದಿರಲಿಲ್ಲ, ಅನುಮತಿಯೂ ಇರಲಿಲ್ಲ.

ಈಗ ಎಲೆ. ಇದನ್ನು ನೋಡಿ ಹೆದರದ ಹನಿಕ್ರಿಸ್ಪ್ ಮಾಲೀಕರು ಇಲ್ಲ ಅನ್ನಿಸುತ್ತದೆ. ನಾನೂ ಮೊದಲ ಸಲ ಎಲೆ ಕಿತ್ತುಕೊಂಡು ನರ್ಸರಿಗೆ ಓಡಿದ್ದೆ. ಜಿಗಿಹುಳು ರಸ ಹೀರಿದ ಹಾಗೆಯೇ ಕಾಣುತ್ತದೆ. ಆದರೆ ಇದು ಈ ಜಾತಿಯ ಹುಟ್ಟುಗುಣ. ಎಲೆ ಬಿಸಿಲಲ್ಲಿ ತಯಾರು ಮಾಡಿದ ಸಕ್ಕರೆ ಎಲ್ಲಿಗಾದರೂ ಸಾಗಬೇಕಲ್ಲ. ಹನಿಕ್ರಿಸ್ಪ್ ಎಲೆಯಿಂದ ಅದು ಸರಿಯಾಗಿ ಸಾಗುವುದಿಲ್ಲ, ಎಲೆಯಲ್ಲೇ ಪಿಷ್ಟವಾಗಿ ಕೂರುತ್ತದೆ. ಅದಕ್ಕೇ ದಪ್ಪ, ಅದಕ್ಕೇ ಒರಟು, ಅದಕ್ಕೇ ಹಳದಿ ತೇಪೆ. ಮರದಲ್ಲಿ ಕಾಯಿ ಕಡಿಮೆ ಇದ್ದ ವರ್ಷ ಸಕ್ಕರೆ ಎಳೆದುಕೊಳ್ಳುವವರೂ ಕಡಿಮೆ, ಹಳದಿ ಜಾಸ್ತಿ. ನಿಮ್ಮ ಮರದಲ್ಲಿ ಆರೇ ಕಾಯಿ. ಹಳದಿ ಆಗದೆ ಇದ್ದರೆ ಆಶ್ಚರ್ಯ. ಎಲೆಗೆ ಏನೂ ಹೊಡೆಯಬೇಡಿ.

ಆ ಗೊಬ್ಬರ ಮಾತ್ರ ಹಾಕಬಾರದಿತ್ತು. ಬೈಯುತ್ತಿಲ್ಲ, ಹಳದಿ ಎಲೆ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನಿಮ್ಮ ಚುಕ್ಕೆಯ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಚುಕ್ಕೆಗೆ ಬಿಟರ್ ಪಿಟ್ ಅನ್ನುತ್ತಾರೆ. ಶಿಲೀಂಧ್ರವಲ್ಲ, ಹುಳುವಲ್ಲ. ಕಾಯಿಯ ತಿರುಳಿಗೆ ಕ್ಯಾಲ್ಸಿಯಂ ಸಾಲದೆ ಅಲ್ಲಲ್ಲಿ ಕೋಶಗಳು ಸತ್ತು ಕುಸಿಯುತ್ತವೆ. ಸಾಮಾನ್ಯವಾಗಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತದೆ, ತೊಂದರೆ ಸಾಗಾಟದ್ದು. ಕ್ಯಾಲ್ಸಿಯಂ ನೀರಿನ ಜೊತೆ ಮೇಲೆ ಹೋಗುತ್ತದೆ. ನೀರು ಯಾರು ಜಾಸ್ತಿ ಎಳೆಯುತ್ತಾರೋ ಅವರ ಪಾಲಿಗೆ. ಎಲೆ, ಹೊಸ ಚಿಗುರು ಎಳೆದಷ್ಟು ಕಾಯಿ ಎಳೆಯಲಾರದು. ನೀವು ಸಾರಜನಕದ ಗೊಬ್ಬರ ಹಾಕಿದಿರಿ, ಚಿಗುರು ಹೆಚ್ಚಿತು, ಕಾಯಿಯ ಪಾಲು ಇನ್ನೂ ಇಳಿಯಿತು. ಕಾಯಿ ಆರೇ ಇದ್ದಿದ್ದರಿಂದ ಒಂದೊಂದೂ ಊದಿಕೊಂಡಿತು. ಇದ್ದಷ್ಟು ಕ್ಯಾಲ್ಸಿಯಂ ದೊಡ್ಡ ಕಾಯಿಯಲ್ಲಿ ಹರಡಿ ತೆಳುವಾಯಿತು. ಕಾಯಿಯ ತುದಿ, ಅಂದರೆ ಹೂವಿನ ಒಣಗಿದ ಭಾಗ ಅಂಟಿಕೊಂಡಿರುತ್ತದಲ್ಲ, ಆ ಕಡೆಗೆ ಎಲ್ಲಕ್ಕಿಂತ ಕಡಿಮೆ ಮುಟ್ಟುತ್ತದೆ. ಚುಕ್ಕೆ ಅಲ್ಲೇ ಬಂದಿದೆ, ನೋಡಿ.

ಹಾಗಾಗಿ ಮುಂದಿನ ವರ್ಷದ ಕೆಲಸ ಒಂದೇ. ಕಾಯಿ ಕೀಳಬೇಕು. ಈ ವರ್ಷ ಮರ ಖಾಲಿ ಇದೆ, ಮುಂದಿನ ಮೇನಲ್ಲಿ ಮತ್ತೆ ಮೈತುಂಬ ಹೂ ಬಿಡುತ್ತದೆ. ಹೂ ಉದುರಿ ಹೀಚು ಗೋಲಿಯಷ್ಟಾಗುವ ಮೊದಲೇ ಶುರು ಮಾಡಿ. ಗೊಂಚಲಿಗೆ ಒಂದೇ ಕಾಯಿ ಬಿಡಿ, ಮಧ್ಯದ ದೊಡ್ಡ ಕಾಯಿ ಒಳ್ಳೆಯದು. ಆಮೇಲೆ ಕಾಯಿಗೂ ಕಾಯಿಗೂ ಒಂದು ಗೇಣು ಅಂತರ ಬರುವ ಹಾಗೆ ಇನ್ನಷ್ಟು ಕೀಳಿ. ಜೂನ್ ಮಧ್ಯದ ಒಳಗೆ ಮುಗಿಯಬೇಕು. ತಡ ಮಾಡಿದರೆ ಉಳಿದ ಕಾಯಿ ದಪ್ಪ ಆಗಬಹುದು, ಮರುವರ್ಷದ ಹೂವಿಗೆ ಉಪಯೋಗ ಇಲ್ಲ.

ಎಷ್ಟು ಬಿಡಬೇಕು ಅಂತ ಲೆಕ್ಕವೂ ಇದೆ. ಬುಡದಿಂದ ಒಂದು ಅಡಿ ಮೇಲೆ ಕಾಂಡಕ್ಕೆ ಟೇಪು ಸುತ್ತಿ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ 12.6ರಿಂದ ಭಾಗಿಸಿ. ಕಾಂಡವನ್ನು ಅಡ್ಡ ಕತ್ತರಿಸಿದರೆ ಎಷ್ಟು ಚದರ ಸೆಂಟಿಮೀಟರ್ ಬರುತ್ತದೋ ಅದು. ಹನಿಕ್ರಿಸ್ಪ್‌ಗೆ ಒಂದು ಚದರ ಸೆಂಟಿಮೀಟರಿಗೆ ನಾಲ್ಕರಿಂದ ಐದು ಕಾಯಿ ಸಾಕು. ನಿಮ್ಮ ಕಾಂಡ ಎಷ್ಟಿದೆ, ಅಳೆದು ಹೇಳಿ.

ಇದರ ಜೊತೆ ಜೂನ್‌ನಿಂದ ಎರಡು ವಾರಕ್ಕೊಮ್ಮೆ ಕ್ಯಾಲ್ಸಿಯಂ ಕ್ಲೋರೈಡ್ ನೀರು ಕಾಯಿಗೆ ತಾಗುವ ಹಾಗೆ ಸಿಂಪಡಿಸಿ. ಅಳತೆ ಡಬ್ಬದ ಮೇಲೆ ಬರೆದಷ್ಟೇ, ಒಂದು ಚಮಚವೂ ಜಾಸ್ತಿ ಬೇಡ. 85 ಡಿಗ್ರಿ ಫ್ಯಾರನ್‌ಹೀಟ್ ದಾಟುವ ದಿನ ಹೊಡೆದರೆ ಎಲೆಯಂಚು ಸುಡುತ್ತದೆ. ಮಳೆ ಇಲ್ಲದ ವಾರ ಬುಡಕ್ಕೆ ನಿಧಾನವಾಗಿ ನೀರು ಬಿಡಿ. ಹುಲ್ಲಿನ ಗೊಬ್ಬರ ಮರದ ನೆರಳು ಬೀಳುವಷ್ಟು ದೂರದವರೆಗೂ ಬೇಡವೇ ಬೇಡ.

ಇಷ್ಟೆಲ್ಲ ಯಾಕೆ, ಬೇರೆ ಜಾತಿ ನೆಡಬಹುದಲ್ಲ ಅಂತ ನಿಮ್ಮ ಪಕ್ಕದ ಮನೆಯವರು ಕೇಳಬಹುದು. ಸೆಪ್ಟೆಂಬರ್ ಕೊನೆಯಲ್ಲಿ ಮರದ ಕೆಳಗೇ ನಿಂತು ಒಂದು ಕಚ್ಚಿ ನೋಡಲಿ. ಸಾಧಾರಣ ಸೇಬು ಹಳೆಯದಾದರೆ ಹಿಟ್ಟು ಹಿಟ್ಟಾಗುತ್ತದಲ್ಲ, ಅಲ್ಲಿ ಹಲ್ಲು ಇಳಿದಾಗ ತಿರುಳಿನ ಕೋಶಗಳು ಒಂದರಿಂದೊಂದು ಬಿಟ್ಟುಕೊಂಡು ಜಾರುತ್ತವೆ. ರಸ ಒಳಗೇ ಉಳಿಯುತ್ತದೆ. ಹನಿಕ್ರಿಸ್ಪ್ ಕೋಶಗಳು ದೊಡ್ಡವು, ನೀರು ತುಂಬಿ ಬಿಗಿದವು. ಹಲ್ಲು ತಾಗಿದರೆ ಜಾರದೆ ಒಡೆಯುತ್ತವೆ. ಚಟ್ ಅಂತ ಒಂದು ತುಂಡು ಮುರಿದು ಬರುತ್ತದೆ, ಹಿಂದೆಯೇ ರಸ. ಮಣಿಕಟ್ಟಿನವರೆಗೆ ಇಳಿಯುತ್ತದೆ. ಸಿಪ್ಪೆ ಎಷ್ಟು ತೆಳು ಅಂದರೆ ಬಾಯಲ್ಲಿ ಅದೊಂದು ಬೇರೆ ಅಂತ ಗೊತ್ತೇ ಆಗುವುದಿಲ್ಲ. ಸಿಹಿ, ಹಿಂದಿನಿಂದ ಸಣ್ಣ ಹುಳಿ. ಹೆಸರಿನಲ್ಲಿರುವ ಹನಿ ಇಂಗ್ಲಿಷಿನ ಜೇನು. ನಾನು ನಮ್ಮ ಕನ್ನಡದ ಹನಿ ಅಂತಲೇ ಓದಿಕೊಳ್ಳುತ್ತೇನೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಈ ಮರವನ್ನೇ ಒಂದು ಕಾಲದಲ್ಲಿ ಬಿಸಾಡಬೇಕು ಅಂದಿದ್ದರು. ಮಿನೆಸೋಟ ವಿಶ್ವವಿದ್ಯಾಲಯದವರು 1960ರಲ್ಲಿ ಎರಡು ಜಾತಿ ಕೂಡಿಸಿ ಬೀಜ ಮಾಡಿದರು. 1977ರ ಹೊತ್ತಿಗೆ ಚಳಿಗೆ ಪೆಟ್ಟು ತಿಂದ ಮರ ಅಂತ ದಾಖಲೆಯಲ್ಲಿ ಗುರುತು ಹಾಕಿ, ತೆಗೆದುಬಿಡಿ ಅಂತ ಬರೆದಾಗಿತ್ತು. ಆಮೇಲೆ ಅಲ್ಲಿಗೆ ಬಂದ ಸೇಬಿನ ತಳಿ ಸಂಶೋಧಕ ಡೇವಿಡ್ ಬೆಡ್‌ಫರ್ಡ್ ಅದಕ್ಕೆ ಇನ್ನೊಂದು ಅವಕಾಶ ಕೊಡೋಣ ಅಂದುಕೊಂಡರು. ಆ ಮರ ನೆಟ್ಟ ಜಾಗವೇ ಸರಿ ಇರಲಿಲ್ಲ, ಅದರಿಂದ ಕಸಿ ಮಾಡಿದ ಗಿಡಗಳು ಬೇರೆ ಕಡೆ ಚೆನ್ನಾಗಿಯೇ ಇದ್ದವು. 1991ರಲ್ಲಿ ಬಿಡುಗಡೆ ಆಯಿತು. 2006ರಲ್ಲಿ ರಾಜ್ಯದ ಹಣ್ಣು ಅಂತ ಕಾನೂನೇ ಮಾಡಿದರು, ಅದೂ ಶಾಲೆಯ ಮಕ್ಕಳು ಕೇಳಿಕೊಂಡಿದ್ದಕ್ಕೆ. ಒಂದು ವರ್ಷ ಕೆಟ್ಟಿತು ಅಂತ ಮರ ತೆಗೆಯುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಹಾರಲ್ಸನ್_ಅಭಿಮಾನಿ · ಆಗಸ್ಟ್ 15

ಕಸಿಕತ್ತಿ ಮೇಡಂ ಹೇಳಿದ್ದು ಅಷ್ಟೂ ಸರಿ. ನಾನು ಬೇರೆ ಪಕ್ಷದವನು, ಅದನ್ನೂ ಸ್ವಲ್ಪ ಹೇಳುತ್ತೇನೆ.

ನಮ್ಮಲ್ಲಿ ಹಾರಲ್ಸನ್ ಒಂದು, ಕೀಪ್‌ಸೇಕ್ ಒಂದು. ಎರಡೂ ಇದೇ ವಿಶ್ವವಿದ್ಯಾಲಯದ್ದು. ಬೇಯಿಸುವುದಕ್ಕೆ ನನಗೆ ಹಾರಲ್ಸನ್ನೇ ಬೇಕು. ಹುಳಿ ಇದೆ, ವಾಸನೆ ಇದೆ. ಹನಿಕ್ರಿಸ್ಪ್ ಪೈಗೆ ಹಾಕಿದರೆ ಹೋಳು ಕರಗದೆ ನಿಲ್ಲುತ್ತದೆ, ಅದು ಒಳ್ಳೆಯದೇ. ಆದರೆ ನೀರು ಬಿಡುತ್ತದೆ, ರುಚಿ ಬರೀ ಸಿಹಿಯ ಕಡೆ ವಾಲುತ್ತದೆ. ಅದು ಹಸಿಯಾಗಿ ತಿನ್ನುವ ಹಣ್ಣು. ಅಂಥ ಹಣ್ಣನ್ನು ಒಲೆಗೆ ಹಾಕುವುದು ನನಗೆ ನಷ್ಟ ಅನ್ನಿಸುತ್ತದೆ.

ಕೀಪ್‌ಸೇಕ್ ಯಾಕೆ ಹೇಳಿದೆ ಅಂದರೆ ಅದು ಹನಿಕ್ರಿಸ್ಪ್‌ನ ಹೆತ್ತವರಲ್ಲಿ ಒಂದು. ಹಳೆಯ ದಾಖಲೆಯಲ್ಲಿ ಮಕೂನ್, ಹನಿಗೋಲ್ಡ್ ಅಂತ ಬರೆದಿದ್ದರು. ಡಿಎನ್‌ಎ ನೋಡಿದಾಗ ಎರಡೂ ಅಲ್ಲ ಅಂತ ಗೊತ್ತಾಯಿತು. ಒಂದು ಕಡೆ ಕೀಪ್‌ಸೇಕ್. ಇನ್ನೊಂದು ಕಡೆ ಹೆಸರೂ ಇಡದ, ಎಂಎನ್ 1627 ಅನ್ನುವ ನಂಬರಿನ ಮರ. ಅದು ಗೋಲ್ಡನ್ ಡೆಲಿಷಿಯಸ್ ಮತ್ತು ಡಚೆಸ್ ಆಫ್ ಓಲ್ಡನ್‌ಬರ್ಗ್‌ನ ಮಗು. ಈ ಎರಡನೆಯದು ಖಚಿತವಾಗಿದ್ದು 2017ರಲ್ಲಿ.

ನಮ್ಮ ಕೀಪ್‌ಸೇಕ್ ನೋಡಲು ಚೆನ್ನಾಗಿಲ್ಲ. ಸಣ್ಣದು, ಸೊಟ್ಟ. ಅಕ್ಟೋಬರ್‌ನಲ್ಲಿ ಕಿತ್ತಾಗ ಕಲ್ಲಿನ ಹಾಗಿರುತ್ತದೆ. ಫ್ರಿಜ್‌ನಲ್ಲಿಟ್ಟು ಜನವರಿಯಲ್ಲಿ ತೆಗೆದರೆ ಕಬ್ಬಿನ ಹಾಲಿನ ಸಿಹಿ. ಮಗುವಿನ ಗರಿಗರಿ ಎಲ್ಲಿಂದ ಬಂತು ಅಂತ ಆಗ ಗೊತ್ತಾಗುತ್ತದೆ. ಜಾಗ ಇದ್ದರೆ ಒಂದು ಹಾಕಿ. ಹೇಗೂ ಹನಿಕ್ರಿಸ್ಪ್ ತನ್ನ ಪರಾಗದಿಂದಲೇ ಕಾಯಿ ಕಚ್ಚುವುದಿಲ್ಲ, ಹತ್ತಿರದಲ್ಲಿ ಇನ್ನೊಂದು ಜಾತಿ ಬೇಕೇ ಬೇಕು.

ಬಿಸಿಲುಸೀಮೆ · ಆಗಸ್ಟ್ 17

ನಾನು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಡೆ ಇರುವುದು. ಇಲ್ಲಿ ಎಲ್ಲಿ ನೋಡಿದರೂ ಸೇಬಿನ ತೋಟ. ಹನಿಕ್ರಿಸ್ಪ್ ಹುಟ್ಟಿದ್ದು ನಿಮ್ಮ ಚಳಿಗೆ. ಇಲ್ಲಿನ ಬಿಸಿಲಿಗೆ ಆ ತೆಳು ಸಿಪ್ಪೆ ಸುಡುತ್ತದೆ. ಸೂರ್ಯನ ಕಡೆಗಿರುವ ಕೆನ್ನೆ ಮೊದಲು ಬಿಳಿಚಿಕೊಂಡು ಆಮೇಲೆ ಕಂದಾಗುತ್ತದೆ. ಸಾಲು ಸಾಲಾಗಿ ಬಲೆ ಕಟ್ಟಿ ನೆರಳು ಮಾಡಿರುವ ತೋಟಗಳು ಇವೆ. ಇಷ್ಟೆಲ್ಲ ಖರ್ಚು ಇರುವುದರಿಂದಲೇ ಅಂಗಡಿಯಲ್ಲಿ ಅದಕ್ಕೆ ಬೇರೆಯದಕ್ಕಿಂತ ಬೆಲೆ ಜಾಸ್ತಿ.

ಅದರದೇ ಮಗು ಕಾಸ್ಮಿಕ್ ಕ್ರಿಸ್ಪ್. ಎಂಟರ್‌ಪ್ರೈಸ್ ಜಾತಿಗೆ ಹನಿಕ್ರಿಸ್ಪ್ ಕೂಡಿಸಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 1997ರಲ್ಲಿ ಮಾಡಿದ್ದು. ಅಂಗಡಿಗೆ ಬಂದಿದ್ದು 2019ರ ಡಿಸೆಂಬರ್‌ನಲ್ಲಿ. ತಿರುಳು ಇನ್ನೂ ಬಿಗಿ, ಕುಯ್ದಿಟ್ಟರೂ ಬೇಗ ಕಪ್ಪಾಗುವುದಿಲ್ಲ, ಎಷ್ಟೋ ತಿಂಗಳು ಇಟ್ಟರೂ ಕೆಡುವುದಿಲ್ಲ. ಮಕ್ಕಳ ಡಬ್ಬಿಗೆ ನಾವು ಅದನ್ನೇ ಹಾಕುವುದು. ಆದರೆ ಮರದಿಂದ ಕಿತ್ತ ಹನಿಕ್ರಿಸ್ಪ್ ಒಂದು ಸಲ ತಿಂದಿದ್ದೇನೆ, ಅದರ ಮುರಿತವೇ ಬೇರೆ. ಅದನ್ನು ಒಪ್ಪಲೇಬೇಕು.

ಹಿತ್ತಲಗಿಡ · ಆಗಸ್ಟ್ 17

ಅಕ್ಕ, ಎರಡು ಸಲ ಓದಿದೆ, ಹೆಂಡತಿಗೂ ಓದಿ ಹೇಳಿದೆ. ಮೂರು ರೋಗ ಅಂದುಕೊಂಡಿದ್ದು ಒಂದೇ ಅಂತ ಗೊತ್ತಾಗಿ ಎಷ್ಟೋ ಸಮಾಧಾನ ಆಯಿತು. ಸುತ್ತಳತೆ 17 ಸೆಂಟಿಮೀಟರ್ ಬಂತು. ಲೆಕ್ಕ ಹಾಕಿದರೆ 23 ಚದರ ಸೆಂಟಿಮೀಟರ್. ಅಂದರೆ 92ರಿಂದ 115 ಕಾಯಿ ಅಲ್ವಾ? ನಾವು ಅದರ ಎರಡರಷ್ಟು ಹೊರಿಸಿದ್ದೆವು.

ಒಂದು ಅನುಮಾನ. ಚುಕ್ಕೆ ಬಂದ ಈ ಆರು ಕಾಯಿ ತಿನ್ನಬಹುದಾ? ಮತ್ತು ಹಣ್ಣಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಹೋದ ವರ್ಷ ಕೆಂಪಾಗಲಿ ಅಂತ ಕಾದು ಕಾದು ಕೊನೆಗೆ ಅರ್ಧ ಉದುರಿಹೋಯಿತು.

ಕಸಿಕತ್ತಿ · ಆಗಸ್ಟ್ 18

ಲೆಕ್ಕ ಸರಿಯಾಗಿದೆ. ಮೊದಲ ಸಲ 95ರ ಹತ್ತಿರ ನಿಲ್ಲಿಸಿ. ಚುಕ್ಕೆಯ ಜಾಗ ಕುಯ್ದು ತೆಗೆದು ಉಳಿದದ್ದು ತಿನ್ನಿ, ಏನೂ ಆಗುವುದಿಲ್ಲ. ಆದರೆ ಇಟ್ಟುಕೊಳ್ಳಬೇಡಿ. ಕಿತ್ತ ಮೇಲೂ ಚುಕ್ಕೆ ಹೆಚ್ಚುತ್ತಾ ಹೋಗುತ್ತದೆ.

ಹಣ್ಣಾಗಿದ್ದು ನೋಡಲು ಕೆಂಪನ್ನು ಮರೆತುಬಿಡಿ. ಕೆಂಪು ಬಿಸಿಲಿನ ಲೆಕ್ಕ, ಹಣ್ಣಿನ ಲೆಕ್ಕ ಬೇರೆ. ಕಾಯಿಯನ್ನು ಸ್ವಲ್ಪ ತಿರುಗಿಸಿ ಕೆಂಪು ಇಲ್ಲದ ಜಾಗ ನೋಡಿ, ಎಲೆಯ ನೆರಳು ಬಿದ್ದ ಕಡೆ. ಅಲ್ಲಿ ಹಸಿರು ಹೋಗಿ ಬೆಣ್ಣೆ ಬಣ್ಣ ಬಂದಿರಬೇಕು. ನಮ್ಮ ಕಡೆ ಇದು ಸೆಪ್ಟೆಂಬರ್ ಮಧ್ಯದಿಂದ ಕೊನೆಯವರೆಗೆ. ಒಂದೇ ದಿನ ಎಲ್ಲ ಕೀಳಬೇಡಿ. ಒಂದೇ ಮರದಲ್ಲಿ ಎರಡು ವಾರ ಹಿಂದೆ ಮುಂದೆ ಹಣ್ಣಾಗುತ್ತದೆ. ಮೂರು ಸಲ ಕೀಳಬೇಕಾಗಬಹುದು. ಹಾಗಂತ ಬಹಳ ಕಾಯಬೇಡಿ. ಮರದಲ್ಲೇ ಅತಿ ಮಾಗಿದರೆ ಹುಳಿತ ವಾಸನೆ ಬರುತ್ತದೆ, ಗರಿಗರಿ ಹಾಗೇ ಇದ್ದರೂ ತಿನ್ನಲು ಮನಸ್ಸಾಗುವುದಿಲ್ಲ.

ಕೀಳುವಾಗ ಚಿಕ್ಕ ಕತ್ತರಿ ಜೇಬಲ್ಲಿರಲಿ. ತೋಟದಲ್ಲಿ ನನಗೆ ಮೊದಲ ದಿನ ಕೈಗೆ ಕೊಟ್ಟಿದ್ದೇ ಅದು. ಹಣ್ಣಿಗೆ ಕತ್ತರಿ ಯಾಕೆ ಅಂದುಕೊಂಡೆ. ಹನಿಕ್ರಿಸ್ಪ್ ತೊಟ್ಟು ಗಟ್ಟಿ, ಕಡ್ಡಿಯ ಹಾಗೆ ಸೆಟೆದುಕೊಂಡಿರುತ್ತದೆ. ಹಾಗೇ ಬುಟ್ಟಿಗೆ ಹಾಕಿದರೆ ಪಕ್ಕದ ಹಣ್ಣಿನ ತೆಳು ಸಿಪ್ಪೆಗೆ ಚುಚ್ಚುತ್ತದೆ. ಚುಚ್ಚಿದ ತೂತಿನಿಂದ ಕೊಳೆ ಶುರು. ಹಾಗಾಗಿ ಪ್ರತಿ ಹಣ್ಣಿನ ತೊಟ್ಟನ್ನೂ ಭುಜದ ಮಟ್ಟಕ್ಕೆ ಕತ್ತರಿಸಬೇಕು, ಹಣ್ಣಿನ ಭುಜದ ಮಟ್ಟಕ್ಕೆ. ದಿನಕ್ಕೆ ಸಾವಿರ ಸಲ ಟಕ್ ಟಕ್. ನಿಮ್ಮ ಮರಕ್ಕೆ ಒಂದು ಸಂಜೆಯ ಕೆಲಸ.

ಕಿತ್ತ ತಕ್ಷಣ ಫ್ರಿಜ್‌ಗೆ ತುರುಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೇರೆ ಸೇಬಿಗೆ ಬೇಗ ತಣ್ಣಗಾದಷ್ಟೂ ಒಳ್ಳೆಯದು. ಇದಕ್ಕೆ ಏಕಾಏಕಿ ಚಳಿ ತಾಗಿದರೆ ಕೆಲವು ವಾರಗಳಲ್ಲಿ ಸಿಪ್ಪೆಯ ಮೇಲೆ ಇಸ್ತ್ರಿ ಸುಟ್ಟ ಹಾಗೆ ಕಂದು ಪಟ್ಟೆ ಬರುತ್ತದೆ. ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಒಳಗೆ ತಿರುಳು ನೆನೆದ ರೊಟ್ಟಿಯ ಹಾಗೆ ಮೆತ್ತಗಾಗುತ್ತದೆ. 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್ ಸೊನ್ನೆಯ ಕೋಣೆಯಲ್ಲಿ ನೇರವಾಗಿ ಇಟ್ಟ ನಾಲ್ಕು ಪೆಟ್ಟಿಗೆ ಹಾಗಾಗಿದ್ದನ್ನು ಆ ತೋಟದಲ್ಲೇ ನೋಡಿದ್ದೇನೆ, ಹೊಟ್ಟೆ ಉರಿಯಿತು. ಮೊದಲು ಒಂದು ವಾರ 50 ಡಿಗ್ರಿ ಹತ್ತಿರದ ಜಾಗದಲ್ಲಿಡಿ, ಸೆಲ್ಸಿಯಸ್ ಲೆಕ್ಕದಲ್ಲಿ 10. ನೆಲಮಾಳಿಗೆಯ ತಂಪು ಮೂಲೆಯೋ, ಆ ಹೊತ್ತಿಗೆ ತಣ್ಣಗಿದ್ದರೆ ಗ್ಯಾರೇಜೋ ಸಾಕು. ಆಮೇಲೆ ಫ್ರಿಜ್, 37 ಅಥವಾ 38 ಡಿಗ್ರಿ. ಹಾಗೆ ಇಟ್ಟರೆ ತಿಂಗಳುಗಟ್ಟಲೆ ಗರಿಗರಿ ಹೋಗುವುದಿಲ್ಲ. ಆದರೆ ಆ ಒಂದು ವಾರದ ಬೆಚ್ಚಗಿನಲ್ಲಿ ಬಿಟರ್ ಪಿಟ್ ಇದ್ದ ಹಣ್ಣಿನಲ್ಲಿ ಚುಕ್ಕೆ ಜಾಸ್ತಿಯಾಗುತ್ತದೆ. ಅಂಥವನ್ನು ಮೊದಲೇ ಬೇರೆ ಮಾಡಿ ತಿಂದು ಮುಗಿಸಿ.

ಚಳಿಗಾಲಕ್ಕೆ ಬುಡಕ್ಕೆ ತಂತಿ ಜಾಲರಿ ಸುತ್ತಿ. ಮೊಲ ಒಂದೇ ರಾತ್ರಿ ಸುತ್ತ ತೊಗಟೆ ತಿಂದರೆ ಇಷ್ಟು ಹೇಳಿದ್ದೆಲ್ಲ ಹೋಯಿತು. ಹಿಮ ಎಷ್ಟು ಎತ್ತರ ಬೀಳುತ್ತದೋ ಅದಕ್ಕಿಂತ ಎರಡು ಅಡಿ ಮೇಲಿರಲಿ.

ಹಿತ್ತಲಗಿಡ · ಮರುವರ್ಷ, ಜೂನ್ 9

ಅಕ್ಕ, ನೀವು ಹೇಳಿದ ಹಾಗೆಯೇ ಹೂ ಬಂತು, ಮರ ಪೂರ್ತಿ ಬಿಳಿ. ಇವತ್ತು ಕೀಳುವುದು ಮುಗಿಸಿದೆ. ಮೂರು ಸಂಜೆ ಹಿಡಿಯಿತು. ಹೆಬ್ಬೆರಳು ತೋರುಬೆರಳಲ್ಲಿ ತೊಟ್ಟು ಹಿಡಿದು ಚಿವುಟಬೇಕು, ಎಳೆದರೆ ಗೊಂಚಲೇ ಬರುತ್ತದೆ ಅಂತ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಮಗಳಿಗೆ ಬೇಜಾರು, ಮೊದಲ ದಿನ ಹೊರಗೇ ಬರಲಿಲ್ಲ. ಎರಡನೇ ದಿನ ಅವಳಿಗೆ ಗೇಣು ಅಳೆಯುವ ಕೆಲಸ ಕೊಟ್ಟೆ. ಅವಳ ಗೇಣು ಚಿಕ್ಕದು, ಹಾಗಾಗಿ ಒಂದೂವರೆ ಗೇಣು ಅಂತ ಒಪ್ಪಂದ.

ಬಕೆಟ್‌ನಲ್ಲಿ ಬಿದ್ದ ಹೀಚು ನೋಡಿ ನನಗೂ ಕರುಳು ಚುರ್ ಅಂದಿತು. 500 ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಮರದಲ್ಲಿ 98 ಉಳಿಸಿದ್ದೇವೆ. ದೂರದಿಂದ ನೋಡಿದರೆ ಕಾಯಿಯೇ ಇಲ್ಲ ಅನ್ನಿಸುತ್ತದೆ. ಇಷ್ಟೊಂದು ಕಿತ್ತಿದ್ದು ತಪ್ಪಾಗಿಲ್ಲ ತಾನೇ?

ಕಸಿಕತ್ತಿ · ಜೂನ್ 10

ತಪ್ಪಾಗಿಲ್ಲ. ಸರಿಯಾಗಿ ಕಿತ್ತ ಮರ ಜೂನ್‌ನಲ್ಲಿ ಬೋಳಾಗಿಯೇ ಕಾಣಬೇಕು. ಆಗಸ್ಟ್‌ನಲ್ಲಿ ಇನ್ನೊಂದು ಸಲ ದೂರದಿಂದ ನೋಡಿ. ಕ್ಯಾಲ್ಸಿಯಂ ಶುರು ಮಾಡಿ. ಉಳಿದ ಕಾಯಿಗೆ ಹುಳು ತಾಗದಿರಲಿ ಅಂದರೆ ಅರ್ಧ ಇಂಚು ಹೀಚಿಗೇ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಹಾಕಿ, ಕೆಳಗಿನ ಎರಡು ಮೂಲೆ ಕತ್ತರಿಸಿ ನೀರು ಹೋಗಲು ದಾರಿ ಮಾಡಿ. 98 ಚೀಲ ಕಟ್ಟುವುದು ನಿಮ್ಮ ಮಗಳಿಗೆ ಇಷ್ಟ ಆಗಬಹುದು.

ಹಿತ್ತಲಗಿಡ · ಸೆಪ್ಟೆಂಬರ್ 27

ಎರಡನೇ ಕೊಯ್ಲು ಇವತ್ತು ಆಯಿತು. ಮೊದಲ ಸಲ 31, ಈ ಸಲ 40. ಇನ್ನೂ ಹದಿನಾರು ಮರದಲ್ಲಿವೆ. ಉಳಿದದ್ದು ಗಾಳಿಗೆ, ಅಳಿಲಿಗೆ ಹೋಯಿತು. ಬಿಟರ್ ಪಿಟ್ ಒಂಬತ್ತರಲ್ಲಿ ಇತ್ತು, ಅವನ್ನು ಬೇರೆ ಮಾಡಿ ತಿಂದೆವು. ಎಲೆ ಈ ವರ್ಷವೂ ಅಲ್ಲಲ್ಲಿ ಹಳದಿಯಾಯಿತು, ಹೋದ ವರ್ಷದ ಅರ್ಧವೂ ಇಲ್ಲ. ಕೊಂಬೆಗಳ ತುದಿ ನೋಡುತ್ತಿದ್ದೇನೆ, ಅಲ್ಲಲ್ಲಿ ದಪ್ಪನೆಯ, ಬೂದು ಕೂದಲಿನ ಮೊಗ್ಗು ಇವೆ. ಅವು ಹೂಮೊಗ್ಗೇ ಅಲ್ವಾ ಅಕ್ಕ?

ಮೊದಲ ಹಣ್ಣನ್ನು ಮರದ ಕೆಳಗೇ ನಿಂತು ಕಚ್ಚಿದ್ದು ಮಗಳು. ಅವಳ ಮುಂದಿನ ಎರಡು ಹಲ್ಲು ಬಿದ್ದಿವೆ, ಪಕ್ಕದ ಹಲ್ಲಲ್ಲಿ ಕಚ್ಚಿದಳು. ಚಟ್ ಅಂದಿದ್ದು ನನಗೆ ಮೂರು ಅಡಿ ದೂರಕ್ಕೆ ಕೇಳಿಸಿತು. ರಸ ಅಂಗಿಯ ತೋಳಿನೊಳಗೆ ಹೋಯಿತು. ಪಕ್ಕದ ಮನೆಯವರಿಗೆ ನಾಲ್ಕು ಕೊಟ್ಟೆವು. ಅವರು ಮರ ತೆಗೆಯುವ ಮಾತು ಮತ್ತೆ ಎತ್ತಲಿಲ್ಲ, ಈ ಜಾತಿಯ ಗಿಡ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಮೊದಲ ಕೊಯ್ಲಿನ ಹಣ್ಣು ತೊಟ್ಟು ಕತ್ತರಿಸಿ, ಒಂದಕ್ಕೊಂದು ತಾಗದ ಹಾಗೆ ನೆಲಮಾಳಿಗೆಯಲ್ಲಿ ಹರಡಿದ್ದೇವೆ. ಥರ್ಮಾಮೀಟರ್ 52 ತೋರಿಸುತ್ತಿದೆ. ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ದಿನಾ ಇಳಿದು ನೋಡಿ ಬರುತ್ತಾಳೆ. ನಾಳೆಗೆ ಏಳು ದಿನ, ಫ್ರಿಜ್‌ನ ಕೆಳಗಿನ ಡ್ರಾಯರ್ ಖಾಲಿ ಮಾಡಿಟ್ಟಿದ್ದಾಳೆ.